ಲ್ಯಾಟಿನ್ ಪಾಠಕ್ಕೆ ಎರಡು ಸಾವಿರ ವರ್ಷದ ಕಾಗದಗಳು

ಕ್ರಿ.ಪೂ. 44ರಲ್ಲಿ ಅಥೆನ್ಸ್‌ಗೆ ಓದಲು ಹೋಗಿದ್ದ ರೋಮಿನ ಹುಡುಗನೊಬ್ಬ ಮನೆಯ ಕಾಗದಕ್ಕಾಗಿ ದಿನಾ ದಾರಿ ಕಾಯುತ್ತಿದ್ದ. ಓಲೆಕಾರರು ಊರು ಬಿಟ್ಟ 46ನೇ ದಿನಕ್ಕೆ ಬಂದು ಮುಟ್ಟಿದರು. ಹುಡುಗನ ಹೆಸರು ಮಾರ್ಕಸ್. ರೋಮಿನ ಬಹುದೊಡ್ಡ ವಾಗ್ಮಿ ಸಿಸೆರೊನ ಮಗ. ವಯಸ್ಸು ಇಪ್ಪತ್ತು ದಾಟಿತ್ತು. ಹರೆಯದ ತಪ್ಪುಗಳಿಂದ ಅಪ್ಪನಿಗೆ ನೋವು ಕೊಟ್ಟಿದ್ದ. ಆಗ ಅವನು ಬರೆದ ಕಾಗದವೊಂದು ನಮಗೆ ಉಳಿದು ಬಂದಿದೆ. ಅದು ಅಪ್ಪನಿಗೆ ಬರೆದದ್ದಲ್ಲ. ಅದೇ ಮನೆಯಲ್ಲಿ ಗುಲಾಮನಾಗಿದ್ದು, ಬಿಡುಗಡೆ ಪಡೆದ ಮೇಲೂ ಸಿಸೆರೊನ ಕಾರ್ಯದರ್ಶಿಯಾಗಿ ಉಳಿದಿದ್ದ ಟಿರೊಗೆ ಬರೆದದ್ದು.

ಅದರಲ್ಲಿ ಏನೇನಿದೆ ನೋಡಿ. ತಾನೀಗ ಸುಧಾರಿಸಿದ್ದೇನೆ ಎನ್ನುತ್ತಾನೆ. ತತ್ತ್ವಜ್ಞಾನ ಹೇಳಿಕೊಡುವ ಕ್ರಾಟಿಪ್ಪಸ್ ತನ್ನನ್ನು ಶಿಷ್ಯನಂತಲ್ಲ, ಮಗನಂತೆ ಕಾಣುತ್ತಾರೆ, ಎಷ್ಟೋ ರಾತ್ರಿ ಊಟಕ್ಕೂ ಬಂದು ಕೂರುತ್ತಾರೆ ಎನ್ನುತ್ತಾನೆ. ಅಪ್ಪ ಬೇಡವೆಂದ ಇನ್ನೊಬ್ಬ ಮೇಷ್ಟ್ರನ್ನು ಬಿಟ್ಟುಬಿಟ್ಟೆ ಎಂದು ವರದಿ ಒಪ್ಪಿಸುತ್ತಾನೆ. ಟಿರೊ ಜಮೀನು ಕೊಂಡ ಸುದ್ದಿಗೆ ಖುಷಿಪಟ್ಟು, ಇನ್ನು ನೀನು ಪೂರಾ ರೈತನೇ, ಊಟವಾದ ಮೇಲೆ ತಿಂದ ಹಣ್ಣಿನ ಬೀಜವನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತೀಯ ಎಂದು ಕೀಟಲೆ ಮಾಡುತ್ತಾನೆ. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಬೇಡಿಕೆ ಬರುತ್ತದೆ: ಬರೆದುಕೊಡುವ ಆಳೊಬ್ಬನನ್ನು ಆದಷ್ಟು ಬೇಗ ಕಳಿಸು, ಗ್ರೀಕನಾದರೆ ಇನ್ನೂ ಒಳ್ಳೆಯದು, ಪಾಠದ ಟಿಪ್ಪಣಿ ಎತ್ತಿ ಬರೆಯುವುದರಲ್ಲೇ ನನ್ನ ಹೊತ್ತೆಲ್ಲ ಹೋಗುತ್ತಿದೆ.

ಹದಿನಾರು ವರ್ಷದ ವಿದ್ಯಾರ್ಥಿಯ ಮುಂದೆ ಈ ಕಾಗದವನ್ನು ಇಟ್ಟರೆ ಮೇಷ್ಟ್ರು ಹೆಚ್ಚು ವಿವರಿಸಬೇಕಾಗಿಲ್ಲ. ಬರೆದದ್ದು ಟಿರೊಗೆ, ಓದಬೇಕಾದವನು ಅಪ್ಪ ಎಂಬುದು ಆ ವಯಸ್ಸಿನವರಿಗೆ ಬೇಗ ಹೊಳೆಯುತ್ತದೆ. ಯಾವ ವಾಕ್ಯ ನಿಜ, ಯಾವುದು ಅಪ್ಪನ ಕಿವಿಗೆ ಹಾಕಲು ಜೋಡಿಸಿದ್ದು ಎಂಬ ಚರ್ಚೆ ತಾನಾಗಿ ಏಳುತ್ತದೆ. ಚರ್ಚೆ ಗೆಲ್ಲಬೇಕಾದರೆ ಕ್ರಿಯಾಪದದ ರೂಪ ನೋಡಬೇಕು, ಅರ್ಥ ಖಚಿತವಾಗಬೇಕು. ವ್ಯಾಕರಣ ಬೇಕಾಗುವುದು ಆಗ. ಲ್ಯಾಟಿನ್‌ನಂಥ ಭಾಷೆಯನ್ನು ಕಲಿಸಲು ಹಳೆಯ ಕಾಗದಗಳಷ್ಟು ಒಳ್ಳೆಯ ಪಠ್ಯ ಬೇರೆ ಇಲ್ಲ ಎಂದು ನಾನು ನಂಬಿದ್ದೇನೆ. ಆದರೆ ಅವನ್ನು ಕಾಗದವಾಗಿಯೇ ಕಲಿಸಬೇಕು. ಯಾರು ಯಾರಿಗೆ ಬರೆದರು, ಎಲ್ಲಿ ಕುಳಿತು, ಯಾರ ಕೈಯಲ್ಲಿ ಕೊಟ್ಟು ಕಳಿಸಿದರು, ಏನು ಉತ್ತರ ಬಯಸಿದರು ಎಂಬುದನ್ನು ಬಿಟ್ಟು, ನಡುವಿನಿಂದ ನಾಲ್ಕು ಸಾಲು ಕಿತ್ತು ಅನುವಾದಿಸಿ ಎಂದರೆ ಅದು ಮತ್ತೊಂದು ವ್ಯಾಕರಣದ ಅಭ್ಯಾಸವಾಗುತ್ತದೆ, ಅಷ್ಟೆ.

ಈ ಮಾತನ್ನು ಈಗ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಹೈಸ್ಕೂಲುಗಳಲ್ಲಿ ಲ್ಯಾಟಿನ್ ಓದುವವರು ಬರೆಯುವ ಎಪಿ ಪರೀಕ್ಷೆಯ ಪಠ್ಯ 2025ರಿಂದ ಬದಲಾಗಿದೆ. ಅಲ್ಲಿಯವರೆಗೆ ಗದ್ಯ ಎಂದರೆ ಜೂಲಿಯಸ್ ಸೀಸರ್ ಗಾಲ್ ದೇಶದಲ್ಲಿ ಮಾಡಿದ ಯುದ್ಧಗಳ ಬಗ್ಗೆ ತಾನೇ ಬರೆದ ಗ್ರಂಥ. ಈಗ ಆ ಜಾಗಕ್ಕೆ ರೋಮಿನ ಅಧಿಕಾರಿ ಪ್ಲಿನಿಯ ಕಾಗದಗಳು ಬಂದಿವೆ. ಪದ್ಯಕ್ಕೆ ವರ್ಜಿಲ್‌ನ ‘ಈನೀಡ್’ ಹಾಗೆಯೇ ಉಳಿದಿದೆ. ಸೀಸರ್‌ನ ಗದ್ಯ ಸ್ಪಷ್ಟ, ಅಚ್ಚುಕಟ್ಟು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ದಂಡು ನಡೆಯುತ್ತದೆ, ಕಂದಕ ತೋಡುತ್ತದೆ, ಊರು ಸುಡುತ್ತದೆ. ಮತ್ತೆ ದಂಡು ನಡೆಯುತ್ತದೆ. ಸೀಸರ್ ತನ್ನನ್ನೇ ‘ಅವನು’ ಎಂದು ಕರೆದುಕೊಳ್ಳುತ್ತಾನೆ. ಭಾಷೆ ಕಲಿಯುವವನಿಗೆ ಮೊದಲು ಬೇಕಾದ ‘ನಾನು’, ‘ನೀನು’ ಅಲ್ಲಿ ಅಪರೂಪ. ಕಾಗದದಲ್ಲಿ ಅವೆರಡೂ ಮೊದಲ ಸಾಲಿನಿಂದಲೇ ಇರುತ್ತವೆ.

ಒಕ್ಕಣೆಯಲ್ಲೇ ಪಾಠ

ರೋಮನ್ನರ ಒಕ್ಕಣೆಯನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಬರೆಯುವವನ ಹೆಸರು ಪ್ರಥಮಾ ವಿಭಕ್ತಿಯಲ್ಲಿ, ಪಡೆಯುವವನ ಹೆಸರು ಚತುರ್ಥಿಯಲ್ಲಿ, ‘ನಮಸ್ಕಾರ’ ಎಂಬುದು ದ್ವಿತೀಯೆಯಲ್ಲಿ, ಕೊನೆಗೆ ‘ಹೇಳುತ್ತಾನೆ’ ಎಂಬ ಕ್ರಿಯಾಪದ. ಸಿಸೆರೊ ಅಟಿಕಸ್‌ನಿಗೆ ನಮಸ್ಕಾರವನ್ನು ಹೇಳುತ್ತಾನೆ. ಒಂದೇ ಸಾಲಿನಲ್ಲಿ ಮೂರು ವಿಭಕ್ತಿ ಮುಗಿದವು. ಪದಗಳ ಸ್ಥಾನ ಅದಲುಬದಲಾದರೂ ಯಾರು ಯಾರಿಗೆ ಎಂಬುದು ಬದಲಾಗುವುದಿಲ್ಲ, ಏಕೆಂದರೆ ಅದನ್ನು ಹೇಳುವುದು ಪ್ರತ್ಯಯ. ಇಂಗ್ಲಿಷ್ ಮಾತ್ರ ಬಲ್ಲ ಮಗುವಿಗೆ ಈ ವಿಷಯ ತಲೆಗೆ ಹೋಗಲು ಸಮಯ ಬೇಕು. ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಇದು ಹುಟ್ಟಿನಿಂದ ಬಂದ ಜ್ಞಾನ. ‘ರಾಮನಿಗೆ ಸೀತೆ ಹೂವನ್ನು ಕೊಟ್ಟಳು’ ಎಂದರೂ ‘ಸೀತೆ ರಾಮನಿಗೆ ಹೂವನ್ನು ಕೊಟ್ಟಳು’ ಎಂದರೂ ಕೊಟ್ಟವಳು ಸೀತೆಯೇ.

ನಮಸ್ಕಾರದ ನಂತರ ಬರುವುದು ಕ್ಷೇಮ. ನೀನು ಚೆನ್ನಾಗಿದ್ದರೆ ಒಳ್ಳೆಯದು, ನಾನು ಚೆನ್ನಾಗಿದ್ದೇನೆ ಎಂಬ ಮಾತು ಎಷ್ಟು ರೂಢಿಯಾಗಿತ್ತೆಂದರೆ ಅದನ್ನು ಅನೇಕ ಸಲ ಪೂರ್ತಿ ಬರೆಯುತ್ತಿರಲಿಲ್ಲ. ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ಸಾಲಾಗಿ ಇಡುತ್ತಿದ್ದರು. ನಮ್ಮ ಹಿರಿಯರು ಕಾರ್ಡಿನ ತಲೆಯ ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆದು ವಿಷಯಕ್ಕೆ ಬರುತ್ತಿದ್ದರಲ್ಲ, ಅದೇ ರೀತಿ. ತರಗತಿಯಲ್ಲಿ ಈ ಸಂಕ್ಷೇಪಾಕ್ಷರಗಳನ್ನು ಬಿಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಬೇಕು. ಆರು ಅಕ್ಷರದಿಂದ ಎರಡು ಪೂರ್ಣ ವಾಕ್ಯ ಹೊರಡುತ್ತದೆ. ಆಮೇಲೆ ಕೇಳಬೇಕಾದ ಪ್ರಶ್ನೆ: ಅಟಿಕಸ್‌ನಂಥ ಆಪ್ತ ಗೆಳೆಯನಿಗೆ ಬರೆಯುವಾಗ ಸಿಸೆರೊ ಇದನ್ನು ಏಕೆ ಬಿಟ್ಟುಬಿಡುತ್ತಾನೆ, ಹೆಂಡತಿ ಟೆರೆನ್ಷಿಯಾಗೆ ಬರೆಯುವಾಗ ಏಕೆ ಎಷ್ಟೋ ಸಲ ಹಾಕುತ್ತಾನೆ?

ಕ್ರಿ.ಪೂ. 58ರಲ್ಲಿ ದೇಶಭ್ರಷ್ಟನಾದಾಗ ಅದೇ ಹೆಂಡತಿಗೆ ಬರೆದ ಕಾಗದಗಳಲ್ಲಿ ಸಿಸೆರೊ ಅತ್ತದ್ದನ್ನು ಮುಚ್ಚಿಟ್ಟಿಲ್ಲ. ಹನ್ನೊಂದು ವರ್ಷದ ನಂತರ, ಕ್ರಿ.ಪೂ. 47ರ ಅಕ್ಟೋಬರ್ 1ರಂದು ಬರೆದದ್ದು ಕೆಲವೇ ಸಾಲು. ಟಸ್ಕುಲಂ ಮನೆಗೆ ಇಂಥ ದಿನ ಬರುತ್ತೇವೆ, ಜೊತೆಗೆ ಜನರಿರುತ್ತಾರೆ, ಎಲ್ಲ ಸಿದ್ಧವಿರಲಿ, ಬಚ್ಚಲಲ್ಲಿ ತೊಟ್ಟಿ ಇಲ್ಲದಿದ್ದರೆ ಇಡಿಸು. ಅಷ್ಟೇ. ಅವಳಿಗೆ ಬರೆದ ಕಾಗದಗಳಲ್ಲಿ ನಮಗೆ ಉಳಿದಿರುವ ಕೊನೆಯದು ಇದು. ಸ್ವಲ್ಪ ಕಾಲಕ್ಕೆ ಮದುವೆ ಮುರಿಯಿತು. ಈ ಎರಡು ಕಾಲದ ಕಾಗದಗಳನ್ನು ಅಕ್ಕಪಕ್ಕ ಓದಿದ ವಿದ್ಯಾರ್ಥಿಗೆ ಲ್ಯಾಟಿನ್‌ನಲ್ಲಿ ಅಪ್ಪಣೆಯ ಮಾತು ಎಷ್ಟು ತಣ್ಣಗಿರಬಹುದು ಎಂದು ಬೇರೆ ಹೇಳಬೇಕಾಗಿಲ್ಲ.

ಕಾಗದದ ಕಾಲವೂ ವಿಚಿತ್ರ. ನಾವು ‘ಈಗ ಬರೆಯುತ್ತಿದ್ದೇನೆ’ ಎನ್ನುವಲ್ಲಿ ರೋಮನ್ನರು ಅನೇಕ ಸಲ ‘ಆಗ ಬರೆಯುತ್ತಿದ್ದೆ’ ಎನ್ನುತ್ತಿದ್ದರು. ‘ನಿನ್ನೆ’ ಎನ್ನುವ ಬದಲು ‘ಅದರ ಹಿಂದಿನ ದಿನ’. ಓದುವವನು ಕಾಗದ ಒಡೆಯುವ ಹೊತ್ತಿಗೆ ಇದೆಲ್ಲ ಕಳೆದುಹೋಗಿರುತ್ತದೆ ಎಂಬ ಎಣಿಕೆ ಅದರ ಹಿಂದಿದೆ. ಖಾಸಗಿ ಜನರಿಗೆ ಅಂಚೆ ವ್ಯವಸ್ಥೆ ಇರಲಿಲ್ಲ. ಆಗಸ್ಟಸ್ ಚಕ್ರವರ್ತಿ ಕಟ್ಟಿದ ಸಾರಿಗೆ ಸರ್ಕಾರದ ಕೆಲಸಕ್ಕಷ್ಟೇ. ಮಿಕ್ಕವರು ಸ್ವಂತ ಓಲೆಕಾರನನ್ನು ಕಳಿಸಬೇಕು, ಇಲ್ಲವೇ ಆ ಕಡೆ ಹೊರಟವರ ಕೈಯಲ್ಲಿ ಕೊಡಬೇಕು. ಕ್ರಿ.ಪೂ. 54ರಲ್ಲಿ ಬ್ರಿಟನ್ನಿನ ಕಡಲ ತಡಿಯಿಂದ ಸೀಸರ್ ಮತ್ತು ತಮ್ಮ ಕ್ವಿಂಟಸ್ ಬರೆದ ಕಾಗದ ಸಿಸೆರೊಗೆ ಸಿಕ್ಕಿದ್ದು ಸುಮಾರು ನಾಲ್ಕು ವಾರಕ್ಕೆ. ಕಾಲಸೂಚಕ ಪ್ರತ್ಯಯವನ್ನು ಕೋಷ್ಟಕದಲ್ಲಿ ಕಂಠಪಾಠ ಮಾಡಿಸುವ ಮೊದಲು ಈ ನಾಲ್ಕು ವಾರದ ಮಾತು ಹೇಳಬೇಕು. ಮಕ್ಕಳಿಗೆ ನಿಯಮದ ಕಾರಣ ತಿಳಿದುಬಿಡುತ್ತದೆ.

ಊಟಕ್ಕೆ ಬಾರದ ಗೆಳೆಯ

ಮೊದಲ ಕಾಗದ ಯಾವುದಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಪ್ಲಿನಿ ತನ್ನ ಗೆಳೆಯ ಸೆಪ್ಟಿಸಿಯಸ್‌ಗೆ ಬರೆದದ್ದನ್ನು ಹೇಳುತ್ತೇನೆ. ಗೆಳೆಯ ಊಟಕ್ಕೆ ಬರುತ್ತೇನೆಂದು ಹೇಳಿ ಬಂದಿಲ್ಲ. ಪ್ಲಿನಿ ನ್ಯಾಯಾಲಯದ ಭಾಷೆಯಲ್ಲಿ ಅವನ ಮೇಲೆ ತೀರ್ಪು ಕೊಟ್ಟು, ಆದ ಖರ್ಚನ್ನು ಬಿಡಿಕಾಸಿನವರೆಗೆ ಕಟ್ಟಿಕೊಡು ಎನ್ನುತ್ತಾನೆ. ನಂತರ ಪಟ್ಟಿ: ತಲೆಗೊಂದು ಲೆಟ್ಯೂಸ್, ಮೂರು ಮೂರು ಬಸವನಹುಳು, ಎರಡೆರಡು ಮೊಟ್ಟೆ, ಜೇನು ಬೆರೆಸಿದ ದ್ರಾಕ್ಷಾರಸ ಮತ್ತು ಹಿಮ ಹಾಕಿದ ಗೋಧಿಯ ಗಂಜಿ, ಆಲಿವ್, ಬೀಟ್‌ರೂಟ್, ಸೋರೆ, ಗೆಡ್ಡೆ. ತಟ್ಟೆಯಲ್ಲೇ ಕರಗಿಹೋದ ಹಿಮದ ಬೆಲೆಯನ್ನೂ ಬಿಡುವುದಿಲ್ಲ. ಊಟದ ಜೊತೆಗೆ ನಾಟಕದವರೋ ವೀಣೆಯವನೋ ಓದುವವನೋ ಇರುತ್ತಿದ್ದರು. ಆದರೆ ನೀನು ಇನ್ಯಾರದೋ ಮನೆಯಲ್ಲಿ ಸಿಂಪಿ, ಹಂದಿಮಾಂಸ, ಕುಣಿಯುವ ಹುಡುಗಿಯರನ್ನು ಆರಿಸಿಕೊಂಡೆ ಎಂದು ಚುಚ್ಚುತ್ತಾನೆ.

ಇದು ಚಿಕ್ಕ ಕಾಗದ. ಒಂದು ಪೀರಿಯಡ್‌ನಲ್ಲಿ ಮುಗಿಯುತ್ತದೆ. ತಲಾ ಒಂದು, ತಲಾ ಮೂರು ಎಂದು ಹಂಚಿ ಹೇಳುವ ಸಂಖ್ಯೆಗಳಿಗೆ ಲ್ಯಾಟಿನ್‌ನಲ್ಲಿ ಬೇರೆಯೇ ರೂಪಗಳಿವೆ. ವ್ಯಾಕರಣ ಪುಸ್ತಕದಲ್ಲಿ ಅವು ಕೊನೆಯ ಪುಟಗಳ ಕೋಷ್ಟಕದಲ್ಲಿ ಬಿದ್ದಿರುತ್ತವೆ, ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಬಸವನಹುಳುವಿನ ಲೆಕ್ಕದಲ್ಲಿ ಬಂದಾಗ ಉಳಿಯುತ್ತವೆ. ಕನ್ನಡದಲ್ಲಿ ‘ಎರಡೆರಡು’, ‘ಮೂರು ಮೂರು’ ಎಂದು ದ್ವಿರುಕ್ತಿಯಿಂದ ಇದೇ ಕೆಲಸ ಆಗುತ್ತದೆ. ಕಾಗದ ಓದಿದ ಮೇಲೆ ಸೆಪ್ಟಿಸಿಯಸ್‌ನ ಪರವಾಗಿ ಉತ್ತರ ಬರೆಯಲು ಹೇಳಬೇಕು, ಲ್ಯಾಟಿನ್‌ನಲ್ಲೇ, ನಾಲ್ಕು ಸಾಲು. ಅವನು ನಿಜಕ್ಕೂ ಏಕೆ ಬರಲಿಲ್ಲ? ನೆಪ ಹುಡುಕುವ ಈ ಕೆಲಸಕ್ಕೆ ಹಿಂದೇಟು ಹಾಕುವ ಮಕ್ಕಳು ಕಡಿಮೆ. ಎರಡು ವರ್ಷ ಲ್ಯಾಟಿನ್ ಓದಿಯೂ ಒಂದು ವಾಕ್ಯ ಸ್ವಂತವಾಗಿ ಬರೆಯದವರು ಎಷ್ಟೋ ಮಂದಿ. ಅವರಿಗೆ ಇದೊಂದು ದಾರಿ.

ಪ್ಲಿನಿಯ ಹೆಸರು ಎಲ್ಲರಿಗೂ ಗೊತ್ತಿರುವುದು ವೆಸೂವಿಯಸ್‌ನಿಂದ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿ ಸಿಡಿದಾಗ ಅವನಿಗೆ ಹದಿನೇಳು. ಸೋದರಮಾವ ಹಡಗು ಹತ್ತಿ ಜನರನ್ನು ಉಳಿಸಲು ಹೋಗಿ ಸ್ಟೇಬಿಯೆಯ ದಂಡೆಯಲ್ಲಿ ಸತ್ತ. ಪ್ಲಿನಿ ಹೋಗಲಿಲ್ಲ, ಮಾವ ಕೊಟ್ಟಿದ್ದ ಬರವಣಿಗೆಯ ಕೆಲಸವಿತ್ತು. ಆ ರಾತ್ರಿ ನೆಲ ನಡುಗುತ್ತಿದ್ದಾಗಲೂ ಲಿವಿಯ ಇತಿಹಾಸ ತರಿಸಿಕೊಂಡು ಟಿಪ್ಪಣಿ ಮಾಡುತ್ತಾ ಕೂತ. ಇದನ್ನೆಲ್ಲ ಇತಿಹಾಸಕಾರ ಟ್ಯಾಸಿಟಸ್ ಕೇಳಿದ ಮೇಲೆ, ಎಷ್ಟೋ ವರ್ಷಗಳ ನಂತರ, ಎರಡು ಕಾಗದಗಳಲ್ಲಿ ಬರೆದ. ಸಿಡಿತದ ವರ್ಣನೆಗಾಗಿ ಇವನ್ನು ಎಲ್ಲರೂ ಓದಿಸುತ್ತಾರೆ. ಆದರೆ ನಡು ವಯಸ್ಸಿನವನೊಬ್ಬ ತನ್ನ ಹದಿಹರೆಯದ ಆ ದಿನವನ್ನು, ಅದೂ ಇತಿಹಾಸ ಬರೆಯುವವನ ಕಣ್ಣಿಗೆ ಬೀಳುವಂತೆ, ಹೇಗೆ ಜೋಡಿಸುತ್ತಿದ್ದಾನೆ ಎಂಬ ಪ್ರಶ್ನೆಯನ್ನು ಬಿಡಬಾರದು. ಪ್ಲಿನಿ ತನ್ನ ಕಾಗದಗಳನ್ನು ಆರಿಸಿ ತಾನೇ ಪ್ರಕಟಿಸಿದವನು. ಸಿಸೆರೊ ಹಾಗಲ್ಲ. ಅಟಿಕಸ್‌ಗೆ ಬರೆದದ್ದನ್ನು ಊರೆಲ್ಲ ಓದುತ್ತದೆಂದು ಅವನು ಎಣಿಸಿರಲಿಲ್ಲ.

ಎರಡೂ ಕಡೆಯ ಕಾಗದ

ಸಿಸೆರೊನ ಹೆಸರಿನಲ್ಲಿ ಒಂಬೈನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅವುಗಳಲ್ಲಿ ತೊಂಬತ್ತರಷ್ಟು ಬೇರೆಯವರು ಅವನಿಗೆ ಬರೆದದ್ದು. ಆದರೆ ಅಟಿಕಸ್ ಬರೆದ ಒಂದೂ ಉಳಿದಿಲ್ಲ. ಹಾಗಾಗಿ ಬಹುಪಾಲು ನಾವು ಕೇಳುವುದು ಒಂದೇ ದನಿ. ಎರಡೂ ಕಡೆ ಉಳಿದಿರುವ ಜಾಗಗಳು ತರಗತಿಗೆ ಬಹಳ ಬೆಲೆಯುಳ್ಳವು. ಅವುಗಳಲ್ಲಿ ಒಂದನ್ನು ಬಿಡಿಸಿ ಹೇಳಬೇಕು.

ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಸಿಸೆರೊನ ಮಗಳು ಟುಲಿಯಾ ಹೆರಿಗೆಯ ನಂತರ ತೀರಿಕೊಂಡಳು. ಆಗ ಗ್ರೀಸ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಕಾನೂನು ಪಂಡಿತ ಸುಲ್ಪಿಸಿಯಸ್ ಸಾಂತ್ವನದ ಕಾಗದ ಬರೆದ. ಅದರಲ್ಲಿ ತನ್ನದೊಂದು ಪ್ರಯಾಣದ ನೆನಪಿದೆ. ಈಜೈನದಿಂದ ಮೆಗಾರದ ಕಡೆಗೆ ಹಡಗಿನಲ್ಲಿ ಬರುತ್ತಿದ್ದೆ; ಹಿಂದೆ ಈಜೈನ, ಮುಂದೆ ಮೆಗಾರ, ಬಲಕ್ಕೆ ಪೈರಿಯಸ್, ಎಡಕ್ಕೆ ಕಾರಿಂತ್; ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ಊರುಗಳು ಈಗ ಕುಸಿದು ಬಿದ್ದಿವೆ; ಇಷ್ಟು ಊರುಗಳ ಹೆಣ ಒಂದೇ ಕಡೆ ಬಿದ್ದಿರುವಾಗ ಅಲ್ಪಾಯುಷಿಗಳಾದ ನಾವು ನಮ್ಮಲ್ಲೊಬ್ಬರು ಸತ್ತರೆ ಸಿಟ್ಟಾಗುತ್ತೇವಲ್ಲ ಎಂದು ಅನ್ನಿಸಿತು ಎನ್ನುತ್ತಾನೆ. ಮಗಳು ಬದುಕಬೇಕಾದಷ್ಟು ಬದುಕಿದಳು, ಗಣರಾಜ್ಯ ಇರುವಷ್ಟು ಕಾಲ ಇದ್ದಳು ಎನ್ನುತ್ತಾನೆ. ಬೇರೆಯವರಿಗೆ ಬುದ್ಧಿ ಹೇಳುವ ಸಿಸೆರೊ ನೀನೇ ಎಂಬುದನ್ನು ಮರೆಯಬೇಡ ಎಂದೂ ಸೇರಿಸುತ್ತಾನೆ.

ಮೊದಲ ದಿನ ಇಷ್ಟನ್ನೇ ಓದಿಸಬೇಕು. ಬಲ, ಎಡ, ಹಿಂದೆ, ಮುಂದೆ ಎಂಬುದನ್ನು ಹಾಳೆಯ ಮೇಲೆ ನಕ್ಷೆಯಾಗಿ ಬರೆಯಿಸಬೇಕು. ಅವ್ಯಯಗಳ ಪಾಠ ಅಲ್ಲೇ ಮುಗಿಯುತ್ತದೆ. ಆಮೇಲೆ ಕೇಳಬೇಕು: ಮಗಳನ್ನು ಕಳೆದುಕೊಂಡ ಅಪ್ಪನಿಗೆ ಈ ಮಾತಿನಿಂದ ಸಮಾಧಾನ ಆಗುತ್ತದೆಯೇ? ನೀವು ಸಿಸೆರೊ ಆಗಿದ್ದರೆ ಏನು ಬರೆಯುತ್ತಿದ್ದಿರಿ? ಮರುದಿನ ಸಿಸೆರೊನ ಉತ್ತರ ಕೈಗೆ ಕೊಡಬೇಕು. ಅವನು ಗೆಳೆಯನಿಗೆ ಕೃತಜ್ಞತೆ ಹೇಳುತ್ತಾನೆ, ಆದರೆ ವಾದವನ್ನು ಒಪ್ಪುವುದಿಲ್ಲ. ಹಿಂದೆ ಮಕ್ಕಳನ್ನು ಕಳೆದುಕೊಂಡ ದೊಡ್ಡವರಿಗೆ ದೇಶದ ಕೆಲಸ ಇತ್ತು, ದುಃಖವನ್ನು ಅಲ್ಲಿ ಮರೆತರು. ನನಗೆ ಹೊರಗೆ ನೋವಾದಾಗ ಮನೆಗೆ ಬಂದರೆ ಮಗಳಿದ್ದಳು. ಈಗ ಮನೆಯ ದುಃಖಕ್ಕೆ ದೇಶದಲ್ಲಿ ಮದ್ದಿಲ್ಲ, ದೇಶದ ದುಃಖಕ್ಕೆ ಮನೆಯಲ್ಲಿ ಮದ್ದಿಲ್ಲ. ಸೀಸರ್ ಸರ್ವಾಧಿಕಾರಿಯಾಗಿದ್ದ ಕಾಲ ಅದು ಎಂಬ ಇತಿಹಾಸ ಪಾಠವನ್ನು ಬೇರೆ ಮಾಡಬೇಕಿಲ್ಲ. ಸಾಂತ್ವನ ಕೊಡುವವನು ಒಳ್ಳೆಯ ಮನಸ್ಸಿನವನಾಗಿದ್ದೂ ಸೋಲಬಹುದು ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಬರಹವನ್ನು ನಾನು ಬೇರೆ ಕಂಡಿಲ್ಲ.

ಈ ಕಾಗದಗಳು ಶಾಲೆಗೆ ಬಂದ ದಾರಿಯೂ ದೊಡ್ಡದು. 1345ರಲ್ಲಿ ಕವಿ ಪೆಟ್ರಾರ್ಕ್ ವೆರೋನದ ಗ್ರಂಥಭಂಡಾರದಲ್ಲಿ ಸಿಸೆರೊ ಅಟಿಕಸ್‌ಗೆ ಬರೆದ ಕಾಗದಗಳ ಪ್ರತಿ ಕಂಡ. ತಾನು ಪೂಜಿಸಿದ ತತ್ತ್ವಜ್ಞಾನಿ ಇಲ್ಲಿ ಅಂಜುತ್ತಾನೆ, ಜಗಳವಾಡುತ್ತಾನೆ, ಪಕ್ಷ ಬದಲಿಸುತ್ತಾನೆ. ಪೆಟ್ರಾರ್ಕ್ ನೊಂದು, ಸತ್ತು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷವಾಗಿದ್ದ ಸಿಸೆರೊಗೆ ಕಾಗದ ಬರೆದ. ಹದಿನಾರನೇ ಶತಮಾನದಲ್ಲಿ ಸ್ಟ್ರಾಸ್‌ಬರ್ಗ್ ಶಾಲೆಯ ಯೋಹಾನೆಸ್ ಸ್ಟುರ್ಮ್ ಕಿರಿಯರಿಗೆಂದು ಸಿಸೆರೊನ ಕಾಗದಗಳನ್ನು ಆರಿಸಿ ಪುಸ್ತಕ ಮಾಡಿದ. 1599ರಲ್ಲಿ ಜೆಸ್ವಿಟ್ ಗುರುಗಳು ತಮ್ಮ ಶಾಲೆಗಳಿಗೆಲ್ಲ ಮಾಡಿದ ಪಾಠಕ್ರಮದಲ್ಲಿ ವ್ಯಾಕರಣದ ಮೊದಲ ತರಗತಿಗೆ ಇಟ್ಟದ್ದು ಸಿಸೆರೊನ ಅತಿ ಸುಲಭದ ಕಾಗದಗಳನ್ನು. ಅದೇ ಪರಂಪರೆಯ ಜೆಸ್ವಿಟ್ಟರು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು, ಮರುವರ್ಷ ಸೇಂಟ್ ಜೋಸೆಫ್ ಸೆಮಿನರಿಯನ್ನು ಆರಂಭಿಸಿದರು. ಪಾದ್ರಿಯಾಗಲು ಬಂದ ಕರಾವಳಿಯ ಹುಡುಗರು ಅಲ್ಲಿ ಲ್ಯಾಟಿನ್ ಕಲಿತರು.

ಸೈನಿಕನ ಕಾಗುಣಿತ

ಶಾಲೆಗಳು ನಾಲ್ಕು ಶತಮಾನ ಸಿಸೆರೊ, ಪ್ಲಿನಿ, ಸೆನೆಕ ಎಂಬ ಶ್ರೀಮಂತರ ಕಾಗದಗಳನ್ನಷ್ಟೇ ಓದಿಸಿದವು. ಉಳಿದವರದ್ದು ಸಿಕ್ಕಿರಲಿಲ್ಲ. 1973ರಲ್ಲಿ ಉತ್ತರ ಇಂಗ್ಲೆಂಡಿನ ವಿಂಡೊಲಾಂಡ ಎಂಬ ರೋಮನ್ ಕೋಟೆಯಲ್ಲಿ ರಾಬಿನ್ ಬರ್ಲಿ ಅಗೆಯುತ್ತಿದ್ದಾಗ ಒದ್ದೆ ಮಣ್ಣಿನಲ್ಲಿ ಒಂದಕ್ಕೊಂದು ಅಂಟಿದ ತೆಳ್ಳನೆಯ ಮರದ ಚೂರುಗಳು ಸಿಕ್ಕವು. ಮೊದಲು ಮರದ ಹೊಟ್ಟು ಎಂದುಕೊಂಡರು. ಬಿಡಿಸಿದಾಗ ಒಳಗೆ ಮಸಿಯ ಅಕ್ಷರ. ಪೋಸ್ಟ್‌ಕಾರ್ಡಿನಷ್ಟು ಅಗಲದ, ಒಂದೆರಡು ಮಿಲಿಮೀಟರ್ ದಪ್ಪದ ಹಲಗೆ. ನಡುವೆ ಮಡಚಿ ಹೊರಗೆ ವಿಳಾಸ ಬರೆಯುತ್ತಿದ್ದರು. ಗಾಳಿ ತಾಗಿದೊಡನೆ ಮಸಿ ಮಾಸತೊಡಗಿತು. ಅವಗೆಂಪು ಛಾಯಾಚಿತ್ರದಲ್ಲಿ ಮತ್ತೆ ಕಂಡಿತು. ಇಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ಹಲಗೆಗಳು ಸಿಕ್ಕಿವೆ. ಹೆಚ್ಚಿನವು ಕ್ರಿ.ಶ. 100ರ ಆಸುಪಾಸಿನವು.

ಮೊದಲು ಓದಲು ಸಿಕ್ಕವುಗಳಲ್ಲಿ ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಎರಡು ಜೊತೆ ಚಪ್ಪಲಿ, ಎರಡು ಒಳಉಡುಪು ಕಳಿಸಿದ್ದೇನೆ ಎಂದು ಬರೆದಿದ್ದಾರೆ. ಇನ್ನೊಂದರಲ್ಲಿ ಆಕ್ಟೇವಿಯಸ್ ಎಂಬ ವ್ಯಾಪಾರಿ ಕನಿಷ್ಠ ಐನೂರು ದಿನಾರಿಯಸ್ ಕಳಿಸು, ಇಲ್ಲದಿದ್ದರೆ ಕೊಟ್ಟ ಮುಂಗಡ ಹೋಗುತ್ತದೆ, ಮಾನವೂ ಹೋಗುತ್ತದೆ ಎನ್ನುತ್ತಾನೆ. ರಸ್ತೆ ಕೆಟ್ಟಿರುವಾಗ ಎತ್ತುಗಾಡಿ ಓಡಿಸಿ ದನಗಳಿಗೆ ನೋವು ಮಾಡಲು ಮನಸ್ಸಾಗಲಿಲ್ಲ, ಅದಕ್ಕೇ ತೊಗಲು ತರಲಿಲ್ಲ ಎಂದು ಸಮಜಾಯಿಷಿ ಕೊಡುತ್ತಾನೆ. ಎಲ್ಲಕ್ಕಿಂತ ಹೆಸರಾದದ್ದು ಕ್ಲಾಡಿಯಾ ಸೆವೆರಾ ತನ್ನ ಹುಟ್ಟುಹಬ್ಬಕ್ಕೆ, ಸೆಪ್ಟೆಂಬರ್ 11ಕ್ಕೆ, ಕೋಟೆಯ ದಳಪತಿಯ ಹೆಂಡತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಕರೆದ ಕಾಗದ. ಮುಖ್ಯ ಒಕ್ಕಣೆ ಗುಮಾಸ್ತನ ದುಂಡಗಿನ ಕೈ. ಕೊನೆಯ ಕೆಲವು ಸಾಲು ಬೇರೆ ಕೈ, ಅಷ್ಟು ಪಳಗಿದ್ದಲ್ಲ. ಸೆವೆರಾ ತಾನೇ ಬರೆದು, ಲೆಪಿಡಿನಾಳನ್ನು ಅಕ್ಕತಂಗಿಯ ಹಾಗೆ ಕರೆದು, ಕಾಯುತ್ತಿರುತ್ತೇನೆ ಎಂದಿದ್ದಾಳೆ. ಹೆಣ್ಣೊಬ್ಬಳ ಸ್ವಹಸ್ತದ ಲ್ಯಾಟಿನ್ ಬರಹಗಳಲ್ಲಿ ನಮಗೆ ಗೊತ್ತಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಈ ಹಲಗೆಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿ ತೋರಿಸಿ, ಕೈ ಎಲ್ಲಿ ಬದಲಾಗುತ್ತದೆ ಎಂದು ಮಕ್ಕಳನ್ನೇ ಹುಡುಕಲು ಬಿಡಬೇಕು. ಪಠ್ಯಪುಸ್ತಕದ ಅಚ್ಚಿನ ಅಕ್ಷರದಲ್ಲಿ ಈ ಹುಡುಕಾಟ ಸಾಧ್ಯವಿಲ್ಲ.

ಇನ್ನೊಂದು ಹಲಗೆ ಮೇಷ್ಟ್ರುಗಳಿಗೇ ಮೀಸಲು. ಬೇರೆ ಯಾವುದೋ ಕಾಗದದ ಬೆನ್ನಿಗೆ ಯಾರೋ ವರ್ಜಿಲ್‌ನ ಒಂದು ಸಾಲನ್ನು ತಪ್ಪುತಪ್ಪಾಗಿ ಎತ್ತಿ ಬರೆದಿದ್ದಾರೆ. ಪಕ್ಕದಲ್ಲಿ ಮತ್ತೊಂದು ಕೈಯಲ್ಲಿ ಅರ್ಧ ಪದ. ‘ಸೋಮಾರಿ ಕೆಲಸ’ ಎಂಬ ಅರ್ಥದ, ಗುರುವಿನ ಷರಾ ಇರಬಹುದು ಎಂದು ವಿದ್ವಾಂಸರು ಊಹಿಸಿದ್ದಾರೆ.

ಈಜಿಪ್ಟಿನ ಮರಳು ಉಳಿಸಿಕೊಟ್ಟ ಕಾಗದಗಳಲ್ಲಿ ಕ್ಲಾಡಿಯಸ್ ಟೆರೆನ್ಷಿಯಾನಸ್ ಎಂಬ ಸೈನಿಕ ಎರಡನೇ ಶತಮಾನದ ಮೊದಲ ಭಾಗದಲ್ಲಿ ತಂದೆಗೆ ಬರೆದವು ಇವೆ. ಅವನ ಲ್ಯಾಟಿನ್‌ನಲ್ಲಿ ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆಯಬಹುದಾದ ಜಾಗ ಬೇಕಾದಷ್ಟು. ಆದರೆ ಆ ‘ತಪ್ಪು’ಗಳಲ್ಲೇ ಜನ ಆಡುತ್ತಿದ್ದ ಭಾಷೆ ಕೇಳುತ್ತದೆ. ‘ಸಹಾಯ ಮಾಡು’ ಎಂಬ ಕ್ರಿಯಾಪದವನ್ನು ಅವನು ಬರೆದ ರೀತಿ ಪುಸ್ತಕದ ಲ್ಯಾಟಿನ್‌ಗಿಂತ ಇಂದಿನ ಇಟಾಲಿಯನ್‌ಗೆ ಹತ್ತಿರ. ಇಂಥವನ್ನು ಆರಂಭದ ತರಗತಿಯಲ್ಲಿ ತೋರಿಸಿದರೆ ಮಕ್ಕಳು ಗೊಂದಲಪಡುತ್ತಾರೆ ಎಂಬ ಆಕ್ಷೇಪವ​ನ್ನು ನಾನು ಒಪ್ಪುವುದಿಲ್ಲ. ಭಾಷೆಗೆ ಒಂದೇ ಸರಿಯಾದ ರೂಪವಿತ್ತು, ಅದನ್ನು ಎಲ್ಲರೂ ತಪ್ಪಿಲ್ಲದೆ ಆಡುತ್ತಿದ್ದರು ಎಂಬ ಸುಳ್ಳನ್ನು ಕಲಿತು ಆಮೇಲೆ ಮರೆಯುವುದಕ್ಕಿಂತ, ಮೊದಲೇ ನಿಜ ತಿಳಿಯುವುದು ಲೇಸು.

ಟೆರೆನ್ಷಿಯಾನಸ್‌ಗೆ ಹೇಳಲು ಒಂದು ಕಹಿ ಮಾತೂ ಇತ್ತು. ಇಲ್ಲಿ ದುಡ್ಡಿಲ್ಲದೆ ಏನೂ ನಡೆಯುವುದಿಲ್ಲ, ತಾನು ತನಗೆ ನೆರವಾಗದಿದ್ದರೆ ಶಿಫಾರಸು ಪತ್ರದಿಂದ ಏನೂ ಪ್ರಯೋಜನವಿಲ್ಲ ಎಂದು ತಂದೆಗೆ ಬರೆದ. ಈ ಸಾಲಿನ ಪಕ್ಕ ಇನ್ನೆರಡನ್ನು ಇಡಬೇಕು. ಒಂದು, ಸಿಸೆರೊನ ಕಾಗದಗಳಲ್ಲಿ ಒಂದಿಡೀ ಸಂಪುಟ ತುಂಬಿರುವ ಶಿಫಾರಸು ಪತ್ರಗಳು. ಇನ್ನೊಂದು, ಈಜಿಪ್ಟಿನದೇ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಕಾಗದ. ಈ ಊರಿನ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಅಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಪರಭಾಷೆಯ ಮಾತುಗಳು ಕನ್ನಡವೆಂದು ವಿದ್ವಾಂಸ ಹುಲ್ಟ್ಶ್ 1904ರಲ್ಲಿ ವಾದಿಸಿದ ಮೇಲೆ ಆ ಚರ್ಚೆ ನಿಂತಿಲ್ಲ. ಅದೇ ಊರಿನ ಕಸದ ದಿಬ್ಬದಿಂದ ಬಂದ ಲ್ಯಾಟಿನ್ ಕಾಗದದಲ್ಲಿ ಆರ್ಕಿಲೌಸ್ ಎಂಬ ಸೇನಾ ಸಿಬ್ಬಂದಿ ತನ್ನ ಗೆಳೆಯ ಥಿಯೋನ್‌ನ ಪರವಾಗಿ ಮೇಲಧಿಕಾರಿಗೆ ಬರೆಯುತ್ತಾನೆ: ಇವನು ತನ್ನವರನ್ನು, ಆಸ್ತಿಯನ್ನು, ವ್ಯವಹಾರವನ್ನು ಬಿಟ್ಟು ನನ್ನ ಹಿಂದೆ ಬಂದವನು, ಈ ಕಾಗದವನ್ನು ಕಣ್ಣ ಮುಂದೆ ಇಟ್ಟುಕೊಂಡು ನಾನೇ ನಿಮ್ಮೊಡನೆ ಮಾತಾಡುತ್ತಿದ್ದೇನೆಂದು ತಿಳಿಯಿರಿ. ಮಾಜಿ ಕಾನ್ಸುಲ್ ಸಿಸೆರೊ, ಕೆಳಹಂತದ ಸಿಬ್ಬಂದಿ, ಶಿಫಾರಸಿನಲ್ಲಿ ನಂಬಿಕೆ ಕಳೆದುಕೊಂಡ ಸೈನಿಕ. ಮೂವರನ್ನೂ ಒಟ್ಟಿಗೆ ಓದಿದಾಗ ರೋಮ್ ಹೇಗೆ ನಡೆಯುತ್ತಿತ್ತು ಎಂಬುದು ಯಾವ ಇತಿಹಾಸ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಆಡಳಿತದ ಕಾಗದಗಳೂ ಇವೆ. ಬಿಥೀನಿಯಾ ಪ್ರಾಂತದ ರಾಜ್ಯಪಾಲನಾಗಿದ್ದಾಗ ಪ್ಲಿನಿ ಟ್ರೇಜನ್ ಚಕ್ರವರ್ತಿಗೆ ವರದಿ ಕಳಿಸುತ್ತಾನೆ: ನಿಕೊಮೀಡಿಯಾದ ಜನ ನೀರಿನ ಕಾಲುವೆಗೆ 33,18,000 ಸೆಸ್ಟರ್ಸ್ ಸುರಿದರು, ಕೆಲಸ ಅರ್ಧಕ್ಕೆ ನಿಂತು ಕೆಡವಲಾಯಿತು, ಇನ್ನೊಂದು ಕಾಲುವೆಗೆ ಮತ್ತೆ 2,00,000 ಹೋಯಿತು, ಅದೂ ನಿಂತಿತು. ನೀರು ಬರುವಂತೆ ಮಾಡು, ಅದರ ಜೊತೆಗೇ ಇಷ್ಟು ಹಣ ಪೋಲಾದದ್ದು ಯಾರ ತಪ್ಪಿನಿಂದ ಎಂದು ತನಿಖೆ ಮಾಡಿ ತಿಳಿಸು ಎಂದು ಟ್ರೇಜನ್ ಉತ್ತರಿಸುತ್ತಾನೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಕಾಗದ ಆಪ್ತವಾಗಿರುತ್ತದೆ, ಬರೆದವನ ಮೇಲೆ ಪ್ರೀತಿ ಹುಟ್ಟುತ್ತದೆ. ಆಗ ತರಗತಿ ಕೆಲವು ಸಂಗತಿಗಳನ್ನು ನೋಡದೆ ಮುಂದೆ ಹೋಗುವ ಅಪಾಯವಿದೆ. ಮಾರ್ಕಸ್ ಕೇಳಿದ ‘ಬರೆದುಕೊಡುವ ಆಳು’ ಒಬ್ಬ ಮನುಷ್ಯ. ಅವನ ಇಷ್ಟವನ್ನು ಯಾರೂ ಕೇಳುವುದಿಲ್ಲ. ಕ್ರೈಸ್ತರನ್ನು ವಿಚಾರಣೆ ಮಾಡಿದ ಬಗ್ಗೆ ಟ್ರೇಜನ್‌ಗೆ ಬರೆದ ಪ್ರಸಿದ್ಧ ಕಾಗದದಲ್ಲಿ, ನಿಜ ತಿಳಿಯಲು ಇಬ್ಬರು ಸೇವಕಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಎಂದು ಪ್ಲಿನಿ ಸಹಜವಾಗಿ ಹೇಳಿಬಿಡುತ್ತಾನೆ. ಹಿಮದ ಲೆಕ್ಕ ಕೇಳಿ ಗೆಳೆಯನನ್ನು ಕೆಣಕಿದವನೂ ಇವನೇ. ಇಂಥ ಸಾಲುಗಳನ್ನು ಶಾಲಾ ಆವೃತ್ತಿಯಲ್ಲಿ ಕತ್ತರಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ. ಗುಲಾಮರೂ ಮನುಷ್ಯರೇ ಎಂದು ವಾದಿಸುವ ಸೆನೆಕನ ನಲವತ್ತೇಳನೇ ಕಾಗದವನ್ನು ಇದರ ಜೊತೆಗೆ ಓದಿಸಬೇಕು; ಹಾಗೆ ವಾದಿಸಿದ ಸೆನೆಕ ಗುಲಾಮಗಿರಿಯನ್ನು ನಿಲ್ಲಿಸಿ ಎಂದು ಹೇಳಲಿಲ್ಲ ಎಂಬುದನ್ನೂ ಸೇರಿಸಬೇಕು.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಿಮ್ಮ ಮಗಳೋ, ತಂಗಿಯ ಮಗನೋ ಶಾಲೆಯಲ್ಲಿ ಲ್ಯಾಟಿನ್ ತೆಗೆದುಕೊಂಡಿದ್ದರೆ ಈ ವಾರ ಫೋನಿನಲ್ಲಿ ಒಂದು ಮಾತು ಕೇಳಿ: ಯಾವ ಕಾಗದ ಓದುತ್ತಿದ್ದೀರಿ, ಅದನ್ನು ಬರೆದವರಿಗೆ ಉತ್ತರ ಬಂತೇ? ವಿಭಕ್ತಿ ಕಷ್ಟ ಎಂದರೆ ಕನ್ನಡದ ಪ್ರತ್ಯಯಗಳನ್ನು ಹೇಳಿಕೊಡಿ. ವಿಂಡೊಲಾಂಡದ ಹಲಗೆಗಳ ಚಿತ್ರ ಮತ್ತು ಓದು ಅಂತರ್ಜಾಲದಲ್ಲಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಕುಳಿತು ಜೊತೆಯಾಗಿ ನೋಡಿ. ಅಗೆತ ಇನ್ನೂ ನಡೆಯುತ್ತಿದೆ. 2017ರ ಬೇಸಿಗೆಯಲ್ಲಿ 25 ಹೊಸ ಹಲಗೆಗಳು ಸಿಕ್ಕವು. ಮ್ಯಾಸ್ಕ್ಲಸ್ ಎಂಬ ದಳನಾಯಕ ತನ್ನವರಿಗೆ ಬಿಯರ್ ಕಳಿಸಿ ಎಂದು ಬರೆದ ಕಾಗದ ಮೊದಲೇ ಗೊತ್ತಿತ್ತು. ಆ ಸಲ ಸಿಕ್ಕ ಕಾಗದವೊಂದರಲ್ಲಿ ಅವನು ರಜೆ ಕೇಳಿದ್ದಾನೆ.